ಹೆಸರಿನ ಮನೆ

ಸೊನ್ನೆ ಸಾಲು ಸಿಕ್ಕಿವೆ ಎಂದಿತು ಪರದೆ. ಇಲ್ಲ ಎನ್ನಲಿಲ್ಲ. ಹುಡುಕಿದೆ, ಸಿಕ್ಕಿದೆ, ಸಿಕ್ಕಿದ್ದು ಸೊನ್ನೆ ಎಂಬಂತೆ ಮರ್ಯಾದೆಯಾಗಿ ಹೇಳಿತು. ಆ ಮರ್ಯಾದೆ ಅವನಿಗೆ ಹಿಡಿಸಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಇದೇ ಹೆಸರಿಗೆ ತಾನು ಕೊಟ್ಟಿದ್ದ ಉತ್ತರವೂ ಹೀಗೇ ನುಣ್ಣಗಿತ್ತು ಎನ್ನುವುದು ನೆನಪಾಗಿ ಕೀಲಿಗಳ ಮೇಲಿದ್ದ ಬೆರಳುಗಳನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಬೇಕೆಂದು ಬರೆದದ್ದಲ್ಲ. ತರಬೇತಿ ಕೊಡಲು ಬಂದವಳು, "ನಿಮಗೆ ಗೊತ್ತಿರೋ ಯಾವುದಾದ್ರೂ ಹೆಸರು ಹಾಕಿ ಹುಡುಕಿ ನೋಡಿ" ಎಂದಿದ್ದಳು. ಪಕ್ಕದಲ್ಲಿದ್ದ ಟೈಪಿಸ್ಟ್ ತನ್ನ ಹೆಸರನ್ನೇ ಹಾಕಿ, "ಅಯ್ಯಯ್ಯೋ, ಈ ಆಸ್ಪತ್ರೇಲಿ ನಾನು ಒಂಬತ್ತು ಸಲ ಸತ್ತಿದ್ದೀನಿ ಕಣ್ರೀ!" ಎಂದು ಕೂಗಿದಳು. ಎಲ್ಲರೂ ನಕ್ಕರು. ಆ ನಗುವಿನ ನಡುವೆ ಅವನ ಕೈ ತನ್ನಷ್ಟಕ್ಕೆ ಹೋಗಿ ಆ ಹೆಸರನ್ನು ಹೊಡೆದಿತ್ತು. ಹೆಂಡತಿಯದಲ್ಲ, ತಾಯಿಯದಲ್ಲ. ಆ ಹೆಸರಿನ ಹೆಂಗಸಿನ ಮುಖವನ್ನೂ ಅವನು ಕಂಡವನಲ್ಲ.

"ಯಾರು ಸರ್ ಇದು?" ತರಬೇತಿಯವಳು ಹಿಂದಿನಿಂದ ಬಗ್ಗಿ ನೋಡಿದಳು.

"ಯಾರೂ ಅಲ್ಲ."

"ಯಾರೂ ಅಲ್ಲದವರ ಹೆಸರನ್ನ ಒಂದಕ್ಷರ ತಪ್ಪಿಲ್ಲದೆ ಬರೆದಿದ್ದೀರಿ. ನಿನ್ನೆ ನಿಮ್ಮ ಹೆಸರಲ್ಲೇ ಎರಡು ತಪ್ಪು ಮಾಡಿದ್ರಿ."

ತರಬೇತಿ ನಡೆಯುತ್ತಿದ್ದದ್ದು ಹಳೆಯ ಎಕ್ಸ್‌ರೇ ಕೋಣೆಯಲ್ಲಿ. ಕಿಟಕಿಯಿಲ್ಲ, ಗೋಡೆಗೆ ಕಪ್ಪು ಬಣ್ಣ, ಬಾಗಿಲಿಗೆ ಒಳಗಿನಿಂದ ಸೀಸದ ತಗಡು ಹೊಡೆದಿದ್ದರಿಂದ ಭುಜ ಕೊಟ್ಟು ನೂಕಿದರೆ ಮಾತ್ರ ತೆರೆಯುತ್ತಿತ್ತು. ಎಲುಬಿನ ಚಿತ್ರಗಳನ್ನು ತೂಗುಹಾಕಿ ನೋಡುತ್ತಿದ್ದ ಬೆಳಕಿನ ಪೆಟ್ಟಿಗೆ ಇನ್ನೂ ಗೋಡೆಯಲ್ಲೇ ಇತ್ತು. ತರಬೇತಿಯವಳು ತನ್ನ ಪಾಠದ ಹಾಳೆಗಳನ್ನು ಅದಕ್ಕೇ ಸಿಕ್ಕಿಸುತ್ತಿದ್ದಳು. ಹಾಳೆಯ ಹಿಂಬದಿಯ ಬರಹವೂ ತಿರುಗುಮುರುಗಾಗಿ ಮೂಡಿ, ಎರಡು ಪಾಠ ಒಂದರ ಮೈಯಲ್ಲಿ ಒಂದು ಹೊಕ್ಕು ಕೂತಂತೆ ಕಾಣುತ್ತಿತ್ತು. ಕೋಷ್ಟಕಕ್ಕೆ ಪ್ರಶ್ನೆ ಕೇಳುವ ಭಾಷೆ ಇದು ಎಂದಿದ್ದಳು ಮೊದಲ ದಿನ. ಆಸ್ಪತ್ರೆಯ ಮೂವತ್ತು ವರ್ಷದ ರಿಜಿಸ್ಟರುಗಳನ್ನೆಲ್ಲ ಗುತ್ತಿಗೆಯವರು ಎರಡು ವರ್ಷ ಕೂತು ಕಂಪ್ಯೂಟರಿಗೆ ಹೊಡೆದು ಮುಗಿಸಿದ್ದಾರೆ, ಇನ್ನು ಮೇಲೆ ಪುಟ ತಿರುವುವ ಹಾಗಿಲ್ಲ, ಕೇಳಬೇಕು. ಸೆಲೆಕ್ಟ್ ಎಂದರೆ ತೆಗೆದುಕೊಡು. ಫ್ರಮ್ ಎಂದರೆ ಯಾವ ಪುಸ್ತಕದಿಂದ. ವೇರ್ ಎಂದರೆ ಅದರಲ್ಲಿ ಯಾವ ಸಾಲು. ಕೊನೆಗೊಂದು ಅರ್ಧವಿರಾಮ. ಅದನ್ನು ಹಾಕುವವರೆಗೆ ಯಂತ್ರ ಬಾಯಿ ಬಿಡುವುದಿಲ್ಲ, ಸಣ್ಣದೊಂದು ಬಾಣ ತೋರಿಸಿಕೊಂಡು ಕೂತಿರುತ್ತದೆ. ಮೊದಲ ದಿನ ಅವನು ಆ ಬಾಣವನ್ನು ಇಪ್ಪತ್ತು ನಿಮಿಷ ನೋಡಿದ್ದ, ಯಂತ್ರ ಯೋಚನೆ ಮಾಡುತ್ತಿದೆ ಎಂದುಕೊಂಡು. "ಅಂಕಲ್, ಅದು ನಿಮ್ಮನ್ನೇ ಕಾಯ್ತಾ ಇದೆ" ಎಂದು ಅವಳು ಹೇಳಿ, ಆಮೇಲೆ ನಾಲಿಗೆ ಕಚ್ಚಿ "ಸರ್" ಎಂದು ತಿದ್ದಿಕೊಂಡಿದ್ದಳು. ಅಂಕಲ್ ಎಂದದ್ದಕ್ಕಿಂತ ತಿದ್ದಿಕೊಂಡದ್ದು ಹೆಚ್ಚು ಚುಚ್ಚಿತ್ತು. ದಾಖಲೆ ಕೋಣೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಡತ ಎಂದು. ಕಡತ ಬಂದ್ರಾ, ಕಡತ ಊಟಕ್ಕೆ ಹೋದ್ರಾ. ಯಾವ ವರ್ಷದ ಯಾವ ತಿಂಗಳು ಕೇಳಿದರೂ ಕಣ್ಣು ಮುಚ್ಚಿಕೊಂಡು ಹೋಗಿ ಆ ರಿಜಿಸ್ಟರಿನ ಬೆನ್ನಿನ ಮೇಲೆ ಕೈ ಇಡುತ್ತಿದ್ದ. ಈಗ ಆ ಬೆನ್ನುಗಳೇ ಇಲ್ಲ. ಹೋದ ತಿಂಗಳು ಎರಡು ಲಾರಿ ಬಂದು ಎಲ್ಲವನ್ನೂ ಕಾಗದದ ಕಾರ್ಖಾನೆಗೆ ಒಯ್ದಿದ್ದವು. ನುಸಿಗುಳಿಗೆಯ ವಾಸನೆಯೊಂದು ಮಾತ್ರ ಖಾಲಿ ಕಪಾಟುಗಳಲ್ಲಿ ಉಳಿದಿತ್ತು. ಲಾರಿಯ ಹಿಂದಿನ ಹಲಗೆ ಮೇಲೇರಿ ಮುಚ್ಚಿಕೊಂಡಾಗ ಅವನಿಗೆ ಆಗಿದ್ದು ದುಃಖವಲ್ಲ. ಹಗುರಾಗಿತ್ತು. ಒಂದು ಪುಟ ಹೋಯಿತು ಎಂದುಕೊಂಡಿದ್ದ. ಗುತ್ತಿಗೆಯವರು ಆ ಪುಟವನ್ನೂ ಹೊಡೆದಿರುತ್ತಾರೆ ಎಂಬುದು ತಲೆಗೆ ಹೊಳೆದಿರಲೇ ಇಲ್ಲ.

ಆ ಪುಟದಲ್ಲಿ ಹದಿನಾಲ್ಕನೇ ಸಾಲು. ಅಕ್ಷರ ಅವನದೇ, ದುಂಡಗೆ, ಮುತ್ತು ಪೋಣಿಸಿದ ಹಾಗೆ. ಆಗ ಅವನಿಗೆ ಮೂವತ್ತೆರಡು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ದಾಖಲು ಮಾಡಿಕೊಳ್ಳುವ ಮೇಜೂ ವಿಚಾರಣೆಯ ಮೇಜೂ ಒಂದೇ, ಅವನದೇ. ಒಂದು ಸೋಮವಾರ ಮಧ್ಯಾಹ್ನ ರಸ್ತೆಯಲ್ಲಿ ಬಿದ್ದಿದ್ದ ಹೆಂಗಸೊಬ್ಬಳನ್ನು ವ್ಯಾನಿನವರು ತಂದು ಮಲಗಿಸಿ ಹೋಗಿದ್ದರು. ಮಾತಿಲ್ಲ, ಪ್ರಜ್ಞೆಯಿಲ್ಲ. ಅವನು ಎದ್ದು ಹೋಗಿ ನೋಡಲಿಲ್ಲ, ನರ್ಸ್ ಹೇಳುತ್ತ ಹೋದಂತೆ ಬರೆಯುತ್ತ ಹೋದ. ಹೆಣ್ಣು. ಸುಮಾರು ಅರವತ್ತು. ಹದಿನೇಳನೇ ಹಾಸಿಗೆ. ಗುರುತು: ಎಡಗೈ ಕಿರುಬೆರಳು ಮೊಂಡು. ಹೆಸರು ಗೊತ್ತಿಲ್ಲದವರು ಬಂದರೆ ಕೆಂಪು ಶಾಯಿಯಲ್ಲಿ ಅಪರಿಚಿತ ಎಂದು ಬರೆದು ಬೇರೊಂದು ಪುಸ್ತಕದಲ್ಲೂ ನಮೂದಿಸಬೇಕು, ಅದು ನಿಯಮ. ಆದರೆ ನಾಳೆ ನಾಡಿದ್ದರಲ್ಲಿ ಯಾರಾದರೂ ಬಂದು ಹೆಸರು ಹೇಳಿದರೆ ಆ ಕೆಂಪನ್ನು ಹೊಡೆದುಹಾಕಿ ಮೇಲೆ ಬರೆಯಬೇಕಾಗುತ್ತದೆ. ಹನ್ನೊಂದು ತಿಂಗಳಲ್ಲಿ ಅವನ ರಿಜಿಸ್ಟರಿನಲ್ಲಿ ಒಂದೂ ಹೊಡೆದುಹಾಕಿದ ಗೆರೆ ಇರಲಿಲ್ಲ. ಸೂಪರಿಂಟೆಂಡೆಂಟ್ ಅದನ್ನು ಬೇರೆ ಗುಮಾಸ್ತರ ಮುಂದೆ ಹಿಡಿದು, "ಬರೆದರೆ ಹೀಗೆ ಬರೀಬೇಕು, ನಿಮ್ಮದು ಕೋಳಿ ಕೆದರಿದ ಹಾಗಿದೆ" ಎಂದು ಉಗಿದಿದ್ದರು. ಆ ಹೊಗಳಿಕೆಯ ಬಿಸಿ ಇನ್ನೂ ಕಿವಿಯಲ್ಲಿತ್ತು. ಹೆಸರಿನ ಮನೆಯನ್ನು ಖಾಲಿ ಬಿಟ್ಟ. ಆಮೇಲೆ ತುಂಬಿದರಾಯಿತು ಎಂದು. ಅಷ್ಟೇ. ಇಡೀ ಸಂಗತಿಯಲ್ಲಿ ಅವನು ಮಾಡಿದ ಕೆಲಸ ಎಂದರೆ ಒಂದು ಕೆಲಸ ಮಾಡದೆ ಬಿಟ್ಟದ್ದು.

ಬುಧವಾರ ಮಗಳು ಬಂದಳು. ಕೈಯಲ್ಲೊಂದು ಬಟ್ಟೆಚೀಲ, ಅದರಲ್ಲಿ ತಾಯಿಯ ಬದಲಿ ಬಟ್ಟೆ ಇದ್ದಿರಬೇಕು. ಹೆಸರು ಹೇಳಿದಳು. ಅವನ ತೋರುಬೆರಳು ಹೆಸರಿನ ಕಾಲಂನ ಮೇಲಿಂದ ಕೆಳಕ್ಕೆ ಇಳಿಯಿತು. ಹೆಸರಿದ್ದ ಕಡೆ ಬೆರಳು ತಡೆಯುತ್ತದೆ, ಇಲ್ಲದ ಕಡೆ ಜಾರುತ್ತದೆ. "ಈ ಹೆಸರಿನವರು ಯಾರೂ ಇಲ್ಲಮ್ಮ." ಗುರುವಾರ ಮತ್ತೆ. "ಇನ್ನೊಂದ್ಸಲ ನೋಡಿ ಸಾರ್, ಬೇರೆ ಎಲ್ಲ ಕಡೆ ನೋಡ್ಕೊಂಡು ಬಂದೆ." ಬೆರಳು ಮತ್ತೆ ಜಾರಿತು. ಶುಕ್ರವಾರ ಅವಳು ಮೇಜಿನ ಮೇಲೆ ತನ್ನ ಎಡಗೈ ಚಾಚಿ, ಕಿರುಬೆರಳನ್ನು ಮಡಿಸಿ ತೋರಿಸಿದಳು. "ನಮ್ಮಮ್ಮಂದು ಈ ಬೆರಳು ಮೊಂಡು ಸಾರ್. ಚಿಕ್ಕವಳಿದ್ದಾಗ ಬಾಗಿಲಿಗೆ ಸಿಕ್ಕಿದ್ದು." ಅವನು ಹೇಳಿದ್ದ: "ಬೆರಳು ನೋಡಿ ಹುಡುಕೋಕೆ ಬರಲ್ಲಮ್ಮ. ಹೆಸರಿದ್ರೆ ಹೇಳಿ." ಹೆಸರು ಹೇಳಿದವಳಿಗೇ ಹೆಸರು ಹೇಳಿ ಎಂದಿದ್ದ. ಅವಳು ಹೊರಟ ಮೇಲೆ ಏನೋ ತೋಚಿ ಪುಟ ಹಿಂದಕ್ಕೆ ತಿರುವಿದ. ಸೋಮವಾರ. ಹದಿನಾಲ್ಕನೇ ಸಾಲು. ಮೊಂಡು. ಕೊನೆಯ ಮನೆಯಲ್ಲಿ ವಾರ್ಡಿನವರ ನೀಲಿ ಶಾಯಿ: ಬುಧವಾರ ಬೆಳಗಿನ ಜಾವ ತೀರಿಕೊಂಡರು. ಮಗಳ ಚಪ್ಪಲಿಯ ಸದ್ದು ಇನ್ನೂ ಮೆಟ್ಟಿಲ ಮೇಲೆ ಕೇಳುತ್ತಿತ್ತು. ಎದ್ದು ನಿಂತ. ಅಮ್ಮಾ ಎಂದು ಕೂಗಿದ್ದರೆ ಸಾಕಿತ್ತು. ಕೂಗಿದರೆ ಅವಳು ಬಂದು ಕೇಳುತ್ತಾಳೆ: ಮೂರು ದಿನದಿಂದ ಇದೇ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದೆಯಲ್ಲಯ್ಯಾ? ಸೂಪರಿಂಟೆಂಡೆಂಟ್ ಕೇಳುತ್ತಾರೆ: ಇಲ್ಯಾಕೆ ಖಾಲಿ? ಚಪ್ಪಲಿಯ ಸದ್ದು ಕೆಳಗಿನ ಅಂಗಳಕ್ಕೆ ಇಳಿದು ಬಯಲಿನಲ್ಲಿ ಕರಗಿತು. ಕೂತ. ಮೊದಲ ದಿನ ಅವಳು ಬರುವಷ್ಟರಲ್ಲೇ ತಾಯಿ ಸತ್ತಾಗಿತ್ತಲ್ಲ ಎಂಬ ಒಂದು ಕಡ್ಡಿಯನ್ನು ಹಿಡಿದುಕೊಂಡು ಹತ್ತೊಂಬತ್ತು ವರ್ಷ ಈಜಿದ್ದ. ಆದರೆ ಶವಾಗಾರದಲ್ಲಿ ಹೆಣವನ್ನು ಏಳು ದಿನ ಇಡುತ್ತಾರೆ. ಶುಕ್ರವಾರಕ್ಕೆ ಇನ್ನೂ ಐದು ದಿನ ಉಳಿದಿತ್ತು. ಆ ಐದು ದಿನವೂ ಅವನು ಕೆಲಸಕ್ಕೆ ಬಂದಿದ್ದ, ಊಟದ ಡಬ್ಬಿ ತೊಳೆದಿದ್ದ, ಅಕ್ಷರವನ್ನು ದುಂಡಗೇ ಬರೆದಿದ್ದ. ಹೆಸರಿನ ಮನೆಯನ್ನು ಆಮೇಲೂ ತುಂಬಲಿಲ್ಲ. ತುಂಬಿದರೆ ಗೊತ್ತಿತ್ತು ಎಂದಾಗುತ್ತದೆ.

"ಗೊತ್ತಿಲ್ಲ ಅಂತ ಅರ್ಥ," ಎಂದಳು ತರಬೇತಿಯವಳು, ಬೆಳಕಿನ ಪೆಟ್ಟಿಗೆಗೆ ಹೊಸ ಹಾಳೆ ಸಿಕ್ಕಿಸುತ್ತ. ಮೂರನೆಯ ದಿನದ ಪಾಠ ನಲ್. "ಸೊನ್ನೆ ಅಲ್ಲ. ಖಾಲಿ ಜಾಗಾನೂ ಅಲ್ಲ. ಆ ಮನೇಲಿ ಏನಿದೆ ಅನ್ನೋದು ನಮಗೆ ಗೊತ್ತಿಲ್ಲ, ಅಷ್ಟೆ. ಈಗ ಒಂದು ಹೆಸರು ಹಾಕಿ, ಈ ಹೆಸರಿಗೆ ಸಮ ಇರೋ ಸಾಲು ಕೊಡು ಅಂತ ಕೇಳಿ. ನಲ್ ಇರೋ ಸಾಲು ಬರಲ್ಲ. ಸರಿ. ಈಗ, ಈ ಹೆಸರು ಅಲ್ಲದೆ ಇರೋ ಎಲ್ಲಾ ಸಾಲು ಕೊಡು ಅಂತ ಕೇಳಿ. ಆಗಲೂ ಬರಲ್ಲ."

"ಅದ್ಹೇಗಮ್ಮಾ?" ಟೈಪಿಸ್ಟ್ ಒಪ್ಪಲಿಲ್ಲ. "ಒಂದೋ ಅವಳಾಗಿರಬೇಕು, ಇಲ್ಲ ಅವಳಲ್ಲದೆ ಇರಬೇಕು. ನಡುವೆ ಏನು ತ್ರಿಶಂಕುನಾ?"

"ಗೊತ್ತಿಲ್ಲದೆ ಇದ್ದಾಗ ಎರಡನ್ನೂ ಹೇಳೋಕೆ ಬರಲ್ಲ ಅಲ್ವಾ ಮೇಡಂ?"

"ನಮ್ಮ ಸೂಪರಿಂಟೆಂಡೆಂಟ್ ಥರ ಅನ್ನು. ರಜೆ ಕೊಡ್ತೀನಿ ಅನ್ನಲ್ಲ, ಕೊಡಲ್ಲ ಅಂತಾನೂ ಅನ್ನಲ್ಲ."

ಕೋಣೆ ನಕ್ಕಿತು. ಅವನು ನಗದೆ ಹೊಡೆದು ನೋಡಿದ. ಒಟ್ಟು ಸಾಲುಗಳು ನಲವತ್ಮೂರು ಸಾವಿರದ ನೂರ ಹನ್ನೆರಡು. ಆ ಹೆಸರಿಗೆ ಸಮ ಇರುವವು ಸೊನ್ನೆ. ಸಮ ಇಲ್ಲದವು ನಲವತ್ಮೂರು ಸಾವಿರದ ಎಪ್ಪತ್ತೊಂದು. ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಕಳೆದ. ನಲವತ್ತೊಂದು. ಹೌದು ಎಂದರೂ ಬಾರದ, ಅಲ್ಲ ಎಂದರೂ ಬಾರದ ನಲವತ್ತೊಂದು ಜನ ಎಲ್ಲೋ ಒಳಗೆ ಸುಮ್ಮನೆ ಕೂತಿದ್ದರು. ಒಂದು ನಲ್ ಇನ್ನೊಂದು ನಲ್‌ಗೂ ಸಮವಲ್ಲ ಎಂದು ಅವಳು ಮುಂದುವರಿಸುತ್ತಿದ್ದಳು. ಗೊತ್ತಿಲ್ಲದವರಿಬ್ಬರು ಒಬ್ಬರೇ ಎಂದು ಹೇಗೆ ಹೇಳೋದು? ಆ ಮಾತು ಅವನಿಗೆ ಹಾಯೆನಿಸಿತು. ತಾನೂ ಅಷ್ಟೇ ಅಂದುಕೊಂಡಿದ್ದು. ಆ ಖಾಲಿ ಮನೆಯವಳು ಮೂರು ದಿನ ಬಂದವಳ ತಾಯಿಯೇ ಎಂದು ಯಾರು ಹೇಳಬಲ್ಲರು? ಊರಲ್ಲಿ ಮೊಂಡು ಬೆರಳಿನವರು ಎಷ್ಟು ಜನವೋ. ಹೀಗೆ ಅಂದುಕೊಳ್ಳುವಾಗಲೇ ಮೇಜಿನ ಮೇಲೆ ಚಾಚಿದ ಎಡಗೈ ಕಂಡಿತು. ಉಗುರಿನಲ್ಲಿ ಸಾಬೂನು ತಿಂದ ಬಿಳಿ. ಮಡಿಸಿದ ಬೆರಳು. ಕಣ್ಣು ಮುಚ್ಚಿದ. ಮುಚ್ಚಿದರೆ ಇನ್ನೂ ಚೆನ್ನಾಗಿ ಕಂಡಿತು.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಆಸ್ಪತ್ರೆಗೇ ಕೊಡುವ ದಿಂಬಿನ ಗವಸುಗಳನ್ನು ಹೊಲಿಯುತ್ತಿದ್ದಳು. ಒಂದೇ ಅಳತೆ, ಒಂದೇ ಬಿಳಿ, ರಾಶಿ. ಅವನು ಎದುರಿಗೆ ಕೂತು ಹಾಳೆಯಲ್ಲಿ ಕ್ವೆರಿ ಬರೆದು ಕಲಿಯುತ್ತಿದ್ದ.

"ಏನ್ರೀ ಅದು, ತಾಯಿತ ಕಟ್ಟೋರ ಹಾಗೆ ಬರೀತಾ ಇದ್ದೀರಿ?"

"ಪ್ರಶ್ನೆ. ಸರಿಯಾಗಿ ಕೇಳಿ ಕೊನೆಗೊಂದು ಅರ್ಧವಿರಾಮ ಹಾಕಿದರೆ ಏನನ್ನು ಬೇಕಾದರೂ ಹುಡುಕಿಕೊಡುತ್ತೆ."

"ಹಾಗಾದ್ರೆ ನನ್ನ ಕನ್ನಡಕ ಎಲ್ಲಿದೆ ಕೇಳಿ."

"ಹಣೆ ಮೇಲಿದೆ."

"ನೋಡಿ, ಅರ್ಧವಿರಾಮ ಇಲ್ದೇನೇ ಸಿಕ್ತು." ಕನ್ನಡಕ ಕೆಳಗೆಳೆದುಕೊಂಡು ಮತ್ತೆ ಯಂತ್ರ ತುಳಿದಳು. ಹದಿನಾರು ವರ್ಷದ ಸಂಸಾರ. ಇವಳಿಗೆ ಹೇಳಬಹುದಾಗಿದ್ದ ಸಂಜೆಗಳನ್ನು ಲೆಕ್ಕ ಹಾಕಿದರೆ ಒಂದು ರಿಜಿಸ್ಟರು ತುಂಬುತ್ತದೆ. ಸೂಜಿ ನಿಲ್ಲುವುದನ್ನೇ ಕಾದು, ಬೇರೆ ಯಾರದೋ ಮಾತೆಂಬಂತೆ ಕೇಳಿದ: "ಹೇಳಬೇಕಾದ ಹೊತ್ತಲ್ಲಿ ಹೇಳದೆ ಬಿಟ್ಟದ್ದನ್ನ ಎಷ್ಟೋ ವರ್ಷ ಆದ ಮೇಲೆ ಹೇಳಿದರೆ ಏನಾದರೂ ಉಪಯೋಗ ಇದೆಯಾ?"

"ಯಾರಿಗೆ ಹೇಳೋದು?"

"ಅವರು ಎಲ್ಲಿದ್ದಾರೋ ಗೊತ್ತಿಲ್ಲ. ಇದ್ದಾರೋ ಇಲ್ಲವೋ."

ಅವಳು ಹಲ್ಲಿನಿಂದ ದಾರ ಕಡಿದಳು. "ಕೇಳೋರಿಲ್ಲದ ಕಡೆ ಹೇಳೋದಲ್ಲ ಅದು, ಉಗುಳೋದು. ಬಾಯಿ ಚೊಕ್ಕಟ ಆಗುತ್ತೆ, ಅಷ್ಟೆ." ಆಮೇಲೆ ಮುಖ ನೋಡಿ, "ಯಾಕೆ, ಏನಾಯ್ತು?" ಎಂದಳು. ಏನಿಲ್ಲ ಎಂದ. ಅವಳು ಇನ್ನೊಂದು ಗವಸು ಎತ್ತಿಕೊಂಡಳು. ಅವನ ಏನಿಲ್ಲಗಳನ್ನು ಮಡಿಚಿಡುವುದು ಅವಳಿಗೆ ರೂಢಿಯಾಗಿತ್ತು.

ಕೊನೆಯ ದಿನ ತರಬೇತಿಯವಳು ಸೂಪರಿಂಟೆಂಡೆಂಟರ ಚೀಟಿಯೊಂದನ್ನು ಹಿಡಿದು ಬಂದಳು. ಸೋಮವಾರದಿಂದ ಹೊಸ ವ್ಯವಸ್ಥೆ. ಅದು ಹೆಸರಿಲ್ಲದ ಸಾಲನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಹೆಸರು ನಲ್ ಇರುವ ನಲವತ್ತೊಂದು ಸಾಲುಗಳನ್ನು ಇವತ್ತು ನಾಲ್ಕು ಗಂಟೆಗೆ ಅಳಿಸಬೇಕು. ಅಭ್ಯಾಸವೂ ಆಯಿತು, ಕೆಲಸವೂ ಆಯಿತು ಎಂದಿದ್ದರಂತೆ ಸೂಪರಿಂಟೆಂಡೆಂಟ್. "ಎಲ್ಲರಿಗಿಂತ ಹಿರಿಯರು ನೀವು, ನೀವೇ ಮಾಡಿ ಸರ್" ಎಂದು ಅವಳು ಅವನಿಗೇ ಗಂಟು ಹಾಕಿದಳು. ಅದು ಗೌರವ ಎಂದೇ ಅವಳು ತಿಳಿದಿದ್ದಳು.

"ಅಳಿಸಿದರೆ ಅವರು ಬಂದೇ ಇರಲಿಲ್ಲ ಅಂತ ಆಗುತ್ತಲ್ಲ?"

"ಯಾರು ಸರ್?"

"ಹೆಸರಿಲ್ಲದವರು. ಬಂದಿದ್ದು ನಿಜ ತಾನೆ? ಹಾಸಿಗೆ ಮೇಲೆ ಮಲಗಿದ್ದು ನಿಜ."

"ಹೆಸರು ಸಿಕ್ಕಿದರೆ ತುಂಬಿ ಸರ್, ಯಾರು ಬೇಡ ಅಂದರು? ಆದರೆ ಸುಮ್ಮನೆ ತುಂಬೋ ಹಾಗಿಲ್ಲ. ಕೌಂಟರಿನ ಚೀಟಿ ಬೇಕು. ಅವರ ಪರವಾಗಿ ಯಾರಾದರೂ ಒಬ್ಬರು ಸಹಿ ಮಾಡಿರಬೇಕು."

ನಲವತ್ತೊಂದನ್ನೂ ಪರದೆಗೆ ಕರೆದ. ಈಸ್ ನಲ್ ಎಂದು ಕೇಳಿದರೆ ಮಾತ್ರ ಬರುತ್ತಾರೆ. ಗೊತ್ತಿಲ್ಲದವರು ಬನ್ನಿ ಎಂದು ಹಾಗೆಯೇ ಕರೆಯಬೇಕು. ಬಂದರು. ಗಂಡಸು, ಸುಮಾರು ನಲವತ್ತು, ರಸ್ತೆ ಅಪಘಾತ, ಗುರುತು: ಎದೆಯ ಮೇಲೆ ಹಚ್ಚೆ, ಅಳಿಸಿದೆ. ಹೆಣ್ಣು ಮಗು, ಒಂದು ದಿನ. ಗಂಡಸು, ಮುದುಕ, ಕಿವಿ ಕೇಳುವುದಿಲ್ಲ. ಹೆಚ್ಚಿನವು ಬೇರೆ ಗುಮಾಸ್ತರ ಕಾಲದವು. ಅವನವು ಮೂರು. ಇಪ್ಪತ್ತಾರನೆಯದಾಗಿ ಅವಳು ಬಂದಳು. ಸೋಮವಾರದ ತಾರೀಕು, ಹನ್ನೆರಡೂ ಇಪ್ಪತ್ತು, ಹದಿನೇಳನೇ ಹಾಸಿಗೆ, ಎಡಗೈ ಕಿರುಬೆರಳು ಮೊಂಡು. ದುಂಡಗಿನ ಅಕ್ಷರವಿಲ್ಲ, ಶಾಯಿಯಿಲ್ಲ, ಎಲ್ಲರ ಹಾಗೆ ಅವಳೂ ಯಂತ್ರದ ಅಕ್ಷರದಲ್ಲಿದ್ದಳು. ಹೆಸರಿನ ಮನೆಯಲ್ಲಿ ನಲ್. ಆಗ ಗಂಟೆ ಮೂರು ಇಪ್ಪತ್ತು. ಇನ್ನು ನಲವತ್ತು ನಿಮಿಷಕ್ಕೆ ಆಸ್ಪತ್ರೆಯಲ್ಲಿ, ಊರಲ್ಲಿ, ಯಾವ ಕಾಗದದಲ್ಲೂ ಯಾವ ಪರದೆಯಲ್ಲೂ ಅವಳು ಇರುವುದಿಲ್ಲ. ಒಂದು ದಿನ ಲಾರಿಯ ಹಲಗೆ ಮುಚ್ಚಿದಾಗ ಬಯಸಿದ್ದು ಇದನ್ನೇ. ಈಗ ಅದು ತಾನಾಗಿ ಎದುರಿಗೆ ಬಂದು, ನೀನೇ ಒತ್ತು ಎಂದು ಕೈ ಹಿಡಿದಿತ್ತು. ಅವಳನ್ನು ಎರಡನೇ ಸಲ ಕಳೆಯಬೇಕು, ಅದೂ ಇದೇ ಬೆರಳಿನಿಂದ. ಸಹಿ ಮಾಡುವವರು ಯಾರಿದ್ದಾರೆ? ಮಗಳ ಹೆಸರನ್ನು ಕೇಳಿಯೇ ಇರಲಿಲ್ಲ. ಕೇಳುವ ಅಗತ್ಯ ಕಂಡಿರಲಿಲ್ಲ.

ತರಬೇತಿಯವಳು ಫೋನು ಹಿಡಿದು ಹೊರಗೆ ಹೋದಳು. ಟೈಪಿಸ್ಟ್ ಕಾಫಿಗೆ ಎದ್ದಳು, ಉಳಿದವರೂ ಹಿಂದೆ ಹೋದರು. ಸೀಸದ ಬಾಗಿಲು ಮುಚ್ಚಿಕೊಂಡಾಗ ಕಿವಿಗೆ ಹತ್ತಿ ಇಟ್ಟಂತಾಯಿತು. ಪಾಠದ ಹಾಳೆಯಲ್ಲಿ ಅಪ್‌ಡೇಟ್ ಎಂಬುದೊಂದಿತ್ತು. ಇರುವುದನ್ನು ಬದಲಾಯಿಸುವುದು. ಚೀಟಿ ಗೀಟಿ ಆಮೇಲೆ, ಮೊದಲು ಹೆಸರು ಹೋಗಿ ಕೂರಲಿ. ಹಾಳೆಯನ್ನು ನೋಡಿಕೊಂಡು ಒಂದೊಂದೇ ಕೀಲಿ ಒತ್ತಿದ. ಬದಲಾಯಿಸು. ಈ ರಿಜಿಸ್ಟರನ್ನು. ಹೆಸರಿನ ಮನೆಯಲ್ಲಿ ಇದನ್ನು ಇಡು. ಆ ಹೆಸರನ್ನು ಬರೆಯುವಾಗ ಅವನ ತುಟಿ ಅಲುಗುತ್ತಿತ್ತು, ಮಗಳು ಹೇಳಿದ ಹಾಗೆಯೇ, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು. ಬರೆದದ್ದೇ ಕಣ್ಣು ಮಂಜಾಯಿತು. ಇಡು ಎಂದಾಯಿತಲ್ಲ. ಹುಟ್ಟಿದಾಗಿನಿಂದ ಆಡಿದ ಮಾತಿನಲ್ಲಿ ಎಲ್ಲಿ, ಯಾರಿಗೆ, ಯಾವುದನ್ನು ಎಂಬುದೆಲ್ಲ ಮೊದಲೇ ಬಂದು ಹೋಗಿ ಮಾಡು, ಕೊಡು, ಇಡು ಎನ್ನುವುದು ಕೊನೆಗೆ ಬರುತ್ತದೆ. ಇಡು ಎಂದರೆ ಮಾತು ಮುಗಿಯಿತು. ಮುಗಿದ ಮಾತಿಗೆ ಅರ್ಧವಿರಾಮ ಹಾಕಿ ಒತ್ತಿದ.

ನಲವತ್ಮೂರು ಸಾವಿರದ ನೂರ ಹನ್ನೆರಡು ಸಾಲು ಬದಲಾಗಿವೆ ಎಂದಿತು ಪರದೆ.

ಅದು ಯಾವುದೋ ಕ್ರಮಸಂಖ್ಯೆ ಎಂದುಕೊಂಡ. ಅವಳ ಸಾಲನ್ನು ನೋಡಬೇಕೆಂದು ಇಡೀ ರಿಜಿಸ್ಟರನ್ನು ಕರೆದ. ಆ ಹೆಸರು. ಅದರ ಕೆಳಗೆ ಆ ಹೆಸರು. ಗಂಡಸು, ಇಪ್ಪತ್ತೆರಡು, ಆ ಹೆಸರು. ಹೆಣ್ಣು ಮಗು, ಒಂದು ದಿನ, ಆ ಹೆಸರು. ಬಸುರಿ, ಬಾಣಂತಿ, ಸುಟ್ಟ ಗಾಯ, ಹಾವು ಕಡಿತ, ಎಲ್ಲ ಹಾಸಿಗೆಗಳ ಮೇಲೂ ಅವಳೇ. ಪರದೆಯನ್ನು ಕೆಳಕ್ಕೆ ಎಳೆದಷ್ಟೂ ಅವಳು ಬರುತ್ತಲೇ ಇದ್ದಳು. ಮೂವತ್ತು ವರ್ಷದಿಂದ ಈ ಆಸ್ಪತ್ರೆಗೆ ಬಂದವಳು ಅವಳೊಬ್ಬಳೇ, ಬಂದು ಬಂದು ಸತ್ತವಳು ಅವಳೊಬ್ಬಳೇ, ಪ್ರತಿ ಸಲವೂ ಅವನು ಇಲ್ಲ ಎಂದಿದ್ದಾನೆ.

ಬಾಗಿಲು ನೂಕಿಕೊಂಡು ಬಂದ ತರಬೇತಿಯವಳು ಅವನ ಮುಖ ನೋಡಿ, ಪರದೆ ನೋಡಿ, ಫೋನು ಜೇಬಿಗಿಳಿಸಿದಳು. "ಯಾವ ಸಾಲಿಗೆ ಅಂತ ಹೇಳಲೇ ಇಲ್ವಲ್ಲ ಸರ್! ವೇರ್ ಬಿಟ್ಟರೆ ಎಲ್ಲದಕ್ಕೂ ಹಾಕುತ್ತೆ ಅದು." ಆಮೇಲೆ ದನಿ ಇಳಿಸಿದಳು. "ಹೋಗಲಿ, ಹೆದರಬೇಡಿ. ಮಧ್ಯಾಹ್ನ ಒಂದು ಗಂಟೆಗೇ ನಕಲು ತೆಗೆದಿಟ್ಟಿದ್ದೀನಿ. ಮುಕ್ಕಾಲು ಗಂಟೆ ಹಿಡಿಯುತ್ತೆ, ಎಲ್ಲ ಮೊದಲಿದ್ದ ಹಾಗೇ ಆಗುತ್ತೆ."

"ಮೊದಲಿದ್ದ ಹಾಗೆ?"

"ಹ್ಞೂಂ. ಖಾಲಿ ಇದ್ದದ್ದು ಖಾಲಿ. ಅಳಿಸೋ ಕೆಲಸ ಆಮೇಲೆ ನಾನೇ ಮಾಡ್ಕೋತೀನಿ ಬಿಡಿ." ಅವನ ಕುರ್ಚಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದು ಕೂತು ಕೀಲಿಗಳ ಮೇಲೆ ಕೈಯಿಟ್ಟವಳು ತಿರುಗಿದಳು. "ಯಾರು ಸರ್ ಇವರು? ಅವತ್ತೂ ಇದೇ ಹೆಸರು ಹೊಡೆದಿದ್ರಿ."

ಯಾರೂ ಅಲ್ಲ ಎನ್ನಲು ನಾಲಿಗೆ ಸಿದ್ಧವಿತ್ತು, ಪಳಗಿದ ನಾಯಿಯ ಹಾಗೆ. ಅಷ್ಟರಲ್ಲಿ ಅರೆತೆರೆದ ಬಾಗಿಲಿನಿಂದ ಪಡಸಾಲೆಯ ದನಿ ಒಳಗೆ ಬಂತು. ಕೌಂಟರಿನ ಗುಮಾಸ್ತೆಯ ಗಂಟಲು ದೊಡ್ಡದು, ಅವಳನ್ನು ಎಲ್ಲರೂ ಮೈಕು ಎಂದೇ ಕರೆಯುವುದು. ನಕಲು ಪ್ರತಿಗಾಗಿ ಕಾಯುವವರು ಚೀಟಿ ಕೊಟ್ಟು ಕೂತಿರುತ್ತಾರೆ. ಕಂಪ್ಯೂಟರಿನಲ್ಲಿ ದಾಖಲೆ ತೆರೆದುಕೊಂಡಾಗ ಅವಳು ರೋಗಿಯ ಹೆಸರು ಹಿಡಿದು ಕೂಗುತ್ತಾಳೆ, ಇಂಥವರ ಕಡೆಯವರು ಯಾರ್ರೀ ಎಂದು. ಅವಳು ಕೂಗುತ್ತಿದ್ದದ್ದು ಆ ಹೆಸರನ್ನು. ಹತ್ತೊಂಬತ್ತು ವರ್ಷ ಅವನ ತಲೆಯೊಳಗೆ ಮಾತ್ರ ಇದ್ದದ್ದು ಈಗ ಪಡಸಾಲೆಯ ಗೋಡೆಗಳಿಗೆ ಬಡಿದು ಬರುತ್ತಿತ್ತು. ಅವನು ಎದ್ದು ಹೊರಗೆ ಹೋದ.

ಬೆಂಚುಗಳಲ್ಲಿ ಇಪ್ಪತ್ತು ಜನ ಇದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರೂ ಏಳಲಿಲ್ಲ. ಮೈಕು ಮುಂದಿನ ಚೀಟಿ ತೆಗೆದು, ಸಂಖ್ಯೆ ಹೊಡೆದು, ಮತ್ತೆ ಅದೇ ಹೆಸರು ಕೂಗಿದಳು. ಕಿಂಡಿಯ ಮುಂದಿದ್ದ ಮುದುಕ, "ನಮ್ಮಣ್ಣನ ಚೀಟಿ ಕಣಮ್ಮ ಅದು. ಅವನು ಗಂಡಸು" ಎಂದ. ಮೂರನೆಯದೂ ಅದೇ. "ಏನ್ರೀ ಇದು," ಎಂದು ಮೈಕು ಪರದೆಗೆ ಬಡಿದಳು, "ಎಲ್ಲರ ಮನೇಲೂ ಒಬ್ಬರೇ ಸತ್ತಿದ್ದಾರಾ?" ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಸಿಟ್ಟಿನಿಂದ ಎದ್ದು ನಿಂತು ಇಡೀ ಪಡಸಾಲೆಗೆ ಕೇಳುವ ಹಾಗೆ ಕೂಗಿದಳು. "ಕೊನೇ ಸಲ ಕೇಳ್ತಿದ್ದೀನಿ. ಈ ಹೆಂಗಸಿನ ಕಡೆಯವರು ಅಂತ ಯಾರೂ ಇಲ್ವೇನ್ರೀ?"

"ಇದ್ದೀನಿ."

ದನಿ ತನ್ನದೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಎಲ್ಲರೂ ತಿರುಗಿದರು. ಬೆಂಚುಗಳ ನಡುವೆ ನಡೆದು ಕಿಂಡಿಯ ಮುಂದೆ, ಆಚೆ ಕಡೆಯಲ್ಲ, ಈಚೆ ಕಡೆ ಬಂದು ನಿಂತ. ಇಲ್ಲಿಂದ ನೋಡಿದರೆ ಕಿಂಡಿ ಇಷ್ಟು ಎತ್ತರ ಎಂದು ಗೊತ್ತಿರಲಿಲ್ಲ. ಮೊಣಕೈ ಊರಲು ಹಿಮ್ಮಡಿ ಎತ್ತಬೇಕಾಯಿತು.

"ಕಡತ, ನೀವಾ?" ಮೈಕು ನಕ್ಕಳು. "ನಿಮಗೇನಾಗಬೇಕು ಇವರು?"

"ಚೀಟಿ ಕೊಡಿ."

"ತಮಾಷೆ ಸಾಕು, ಹೋಗಿ ಆ ಮೇಡಂನ ಕರಕೊಂಡು ಬನ್ನಿ. ಕಂಪ್ಯೂಟರಿಗೆ ಹುಚ್ಚು ಹಿಡಿದಿದೆ."

"ಹಿಡಿಸಿದ್ದು ನಾನೇ. ಚೀಟಿ ಕೊಡಿ ತಾಯಿ."

ಅವನ ದನಿಯಲ್ಲಿ ಏನಿತ್ತೋ, ಅವಳು ನಗು ನಿಲ್ಲಿಸಿ ಒಂದು ಚೀಟಿ ಕಿತ್ತು ಕೊಟ್ಟಳು. ಅಲ್ಲೇ ನಿಂತು ಬರೆದ. ರೋಗಿಯ ಹೆಸರು. ದಾಖಲಾದ ದಿನ. ಹಾಸಿಗೆ. ಗುರುತು. ಅಕ್ಷರಗಳು ಒಂದರ ಮೇಲೊಂದು ಬಿದ್ದವು. ವಿವರ ಎಂದಿದ್ದ ಕಡೆ, ಮಗಳು ಮೂರು ದಿನ ಬಂದು ಕೇಳಿದಳು, ನಾನು ಇಲ್ಲ ಎಂದೆ, ಇದ್ದರು, ಎಂದು ಬರೆದ. ಕೆಳಗೆ ಸಹಿ ಮಾಡಿದ. ಸಹಿಯ ಪಕ್ಕದಲ್ಲಿ ಇನ್ನೊಂದು ಮನೆ ಉಳಿದಿತ್ತು. ರೋಗಿಗೂ ಸಹಿ ಮಾಡಿದವರಿಗೂ ಸಂಬಂಧ. ಲೇಖನಿ ಅದರ ಮೇಲೆ ನಿಂತಿತು. ಮಗನಲ್ಲ, ನೆಂಟನಲ್ಲ, ನೆರೆಯವನಲ್ಲ. ಹಿಂದಿದ್ದ ಮುದುಕ ಅವಸರ ಮಾಡಲಿಲ್ಲ, ಸುಮ್ಮನೆ ಪಕ್ಕಕ್ಕೆ ಸರಿದು ಬರೆಯಲು ಜಾಗ ಬಿಟ್ಟ. ಅವನು ಬರೆದು ಚೀಟಿಯನ್ನು ಕಿಂಡಿಯೊಳಗೆ ತಳ್ಳಿದ.

ಮೈಕು ಓದಿದಳು. ಅವಳಿಗೆ ಮನಸ್ಸಿನಲ್ಲಿ ಓದಿ ಗೊತ್ತಿಲ್ಲ. ಹೆಸರು, ದಿನ, ಹಾಸಿಗೆ, ಮೊಂಡು ಬೆರಳು, ಎಲ್ಲವೂ ಪಡಸಾಲೆಗೆ ಕೇಳಿತು. ವಿವರಕ್ಕೆ ಬಂದಾಗ ದನಿ ಮೊದಲ ಬಾರಿಗೆ ತಗ್ಗಿತು, ಆದರೂ ಕೇಳಿತು. ಬಾಗಿಲಿನ ಹತ್ತಿರ ಬಂದು ನಿಂತಿದ್ದ ತರಬೇತಿಯವಳಿಗೂ ಕೇಳಿತು. ಕೊನೆಯ ಮನೆಗೆ ಬಂದು ಮೈಕು ನಿಂತಳು.

"ಸಂಬಂಧ: ಗೊತ್ತಿದ್ದವನು," ಎಂದು ಓದಿ ತಲೆ ಎತ್ತಿದಳು. "ಬರೀ ಗೊತ್ತಿದ್ದವನು ಅಂದ್ರೆ?"

"ಹೌದು," ಎಂದ. "ನನಗೆ ಗೊತ್ತಿತ್ತು."